ಹೊಳೆ ದಾಟುವ ಗಾಡಿ

ಅವನನ್ನು ಊರಿನಲ್ಲಿ ಎಲ್ಲರೂ ಕುಶನ್ ಅಣ್ಣ ಎಂದೇ ಕರೆಯುತ್ತಿದ್ದರು. ಕಾರಿರಲಿ, ಟ್ರ್ಯಾಕ್ಟರಿರಲಿ, ಯಾವ ಗಾಡಿಯ ಸೀಟು ಹರಿದರೂ ಅದು ಬಂದು ನಿಲ್ಲುತ್ತಿದ್ದುದು ಅವನ ತಗಡಿನ ಶೆಡ್ಡಿನ ಮುಂದೆ. ಹಳೆಯ ರೆಕ್ಸಿನ್ ಬಿಚ್ಚಿ, ಕುಸಿದ ಫೋಮ್ ಕಿತ್ತು, ಹೊಸದನ್ನು ಅಳತೆಗೆ ಕೊರೆದು ಕೂರಿಸಿ ಹೊಲಿಯುವುದು ಅವನ ಕಸುಬು. ಸೀಟು ನೋಡಿದರೆ ಮಾಲೀಕನ ಜಾತಕ ಹೇಳಿಬಿಡುತ್ತೇನೆ ಎಂದು ಬಂದವರನ್ನು ನಗಿಸುತ್ತಿದ್ದ. "ಈ ಮನುಷ್ಯ ಮನೇಲಿ ಜಗಳ ಆದಾಗೆಲ್ಲ ಗಾಡೀಲೇ ಮಲಗ್ತಾನೆ ನೋಡಿ, ಒರಗೋ ಕಡೆ ಹೇಗೆ ಸವೆದಿದೆ" ಅನ್ನುತ್ತಿದ್ದ. ಅದು ನಿಜವೋ ಸುಳ್ಳೋ, ಮಾಲೀಕ ಮಾತ್ರ ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದ.

ಶೆಡ್ಡಿನಲ್ಲಿ ಹೊಲಿಗೆ ಅವನದಾದರೆ ಕತ್ತರಿ ಹೆಂಡತಿಯದು. ರೆಕ್ಸಿನ್ನಿನ ಹಿಂಬದಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅವಳು ಕತ್ತರಿಸಿಕೊಟ್ಟಳೆಂದರೆ ಒಂದು ಚೂರೂ ದಂಡವಾಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಬೇಸರ ಕಳೆಯಲು ಬಂದು ಕೂತವಳು ಕೊನೆಗೆ ಅರ್ಧ ಕೆಲಸವನ್ನೇ ಕೈಗೆ ತೆಗೆದುಕೊಂಡಿದ್ದಳು. ಅಷ್ಟು ಗಾಡಿಗಳಿಗೆ ಸೀಟು ಮಾಡಿಕೊಟ್ಟ ಆ ಗಂಡ ಹೆಂಡಿರಿಗೆ ಸ್ವಂತದ್ದೆಂದು ಒಂದು ಗಾಡಿ ಇರಲಿಲ್ಲ. ಅವನಿಗೆ ಡ್ರೈವಿಂಗ್ ಬರುತ್ತಿತ್ತು, ಲೈಸೆನ್ಸೂ ಇತ್ತು. ಆದರೆ ಗಿರಾಕಿಗಳ ಗಾಡಿಯನ್ನು ಶೆಡ್ಡಿನೊಳಗೆ ತರುವುದು, ಹೊರಗೆ ನಿಲ್ಲಿಸುವುದು, ಅಷ್ಟೇ ಅವನ ಡ್ರೈವಿಂಗು. ಲಾರಿ ಓಡಿಸುವ ಹೆಂಡತಿಯ ತಮ್ಮ ಅವನನ್ನು "ಹತ್ತಡಿ ಡ್ರೈವರ್" ಎಂದು ರೇಗಿಸುತ್ತಿದ್ದ.

ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಆ ತಮಾಷೆಗಳೆಲ್ಲ ಒಂದೊಂದಾಗಿ ನಿಂತುಹೋದವು. ವಾರಕ್ಕೆ ಎರಡು ಸಲ ಅವಳನ್ನು ಹೊಳೆಯಾಚೆಯ ಪಟ್ಟಣದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. ಸೇತುವೆ ಇದ್ದಷ್ಟು ದಿನ ಬಸ್ಸಿತ್ತು. ಕಳೆದ ಮಳೆಗಾಲದಲ್ಲಿ ಸೇತುವೆಯ ನಡುವಿನ ಕಂಬ ಕುಸಿದು ಬಸ್ಸು ನಿಂತಿತು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಬಾಡಿಗೆ ಕಾರುಗಳು ಸೇತುವೆಯ ಕೆಳಗೇ ಇಳಿದು ದಾಟುತ್ತಿದ್ದವು. ಈಗ ಮತ್ತೆ ಮಳೆ ಹಿಡಿದಿತ್ತು. ನೀರು ಮೊಣಕಾಲಿಗೆ ಬಂದಿತ್ತು, ತಳದಲ್ಲೆಲ್ಲ ಪಾಚಿಗಟ್ಟಿದ ಉರುಟು ಕಲ್ಲು. ಗುಡ್ಡ ಬಳಸಿಕೊಂಡು ಹೋಗುವ ಇನ್ನೊಂದು ದಾರಿಗೆ ಅರ್ಧ ದಿನವೇ ಬೇಕು. ಹೋಗುವಾಗ ಹೇಗೋ ತಡೆದುಕೊಂಡರೂ, ಬರುವಾಗ ಅವಳು ಆ ದಾರಿಯಲ್ಲಿ ಪ್ರಜ್ಞೆ ತಪ್ಪಿದ್ದಳು.

ಹೋದ ವಾರ ಬಾಡಿಗೆ ಕಾರಿನವನು ನೀರಿನ ಅಂಚಿಗೆ ಬಂದು ಬ್ರೇಕ್ ಹಾಕಿದ. "ಆಗಲ್ಲಣ್ಣ. ನನ್ನ ಗಾಡಿ ಹೋದ್ರೆ ನನ್ನ ಹೊಟ್ಟೆ ಯಾರು ನೋಡ್ತಾರೆ" ಎಂದು ಕಾರು ತಿರುಗಿಸಿದ. ಅವನನ್ನು ಬೈಯುವಂತೆಯೂ ಇರಲಿಲ್ಲ. ಆ ಸರದಿ ತಪ್ಪಿಹೋಯಿತು. ಮರುದಿನದ ಹೊತ್ತಿಗೆ ಹೆಂಡತಿಯ ಪಾದಗಳು ಊದಿಕೊಂಡು ಚಪ್ಪಲಿಗೆ ಹಿಡಿಸದಾದವು. ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬುಗಳನ್ನು ಒಟ್ಟಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಅವಳ ಎದೆ ಏರಿ ಇಳಿಯುವುದನ್ನೇ ನೋಡುತ್ತ ಅವನು ಕೂತಿದ್ದ. ಮೈಯೊಳಗಿನ ನೀರೇ ಹೊರಹೋಗದ ಅವಳಿಗೆ ನಾಲಿಗೆ ಒಣಗಿದರೂ ನೀರು ಕೊಡುವಂತಿರಲಿಲ್ಲ, ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಬೇಕಷ್ಟೆ. ಅದೂ ಹೊರಗೆ ಧೋ ಎಂದು ಮಳೆ ಸುರಿಯುತ್ತಿರುವಾಗ. ಆಮೇಲೆ ಹೇಗೋ ಟ್ರ್ಯಾಕ್ಟರಿನವನ ಕೈಕಾಲು ಹಿಡಿದು, ಟ್ರೈಲರಿನಲ್ಲಿ ಕೂರಿಸಿಕೊಂಡು ಹೊಳೆ ದಾಟಿಸಿದ. ಆಸ್ಪತ್ರೆಯ ನರ್ಸಮ್ಮ ಅವನನ್ನು ಬದಿಗೆ ಕರೆದಳು. "ಇನ್ನೊಂದು ಸಲ ತಪ್ಪಿಸಿದ್ರೆ ನಮ್ಮ ಕೈಯಲ್ಲೂ ಇರಲ್ಲ. ತಿಳೀತಾ?"

ತಿಳಿಯದೆ ಏನು. ಆವತ್ತೇ ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಅಲೆದ. ಕಾಯಿಲೆಯವರು ಎಂದೊಡನೆ ಬಾಗಿಲುಗಳು ಮೆಲ್ಲಗೆ ಮುಚ್ಚಿಕೊಂಡವು. ಕೊಡುತ್ತೇನೆ ಎಂದವನು ಒಬ್ಬನೇ. ಅವನ ಕೋಣೆ ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವಳನ್ನು ಅಲ್ಲಿಗೆ ಹತ್ತಿಸುವುದು ಹೇಗೆ? ಹತ್ತಿಸಿದರೂ ಸೀಟು ಹೊಲಿಸಲು ಮೂರನೇ ಮಹಡಿಗೆ ಗಾಡಿ ಯಾರು ತರುತ್ತಾರೆ? ಕೆಲಸ ಬಿಟ್ಟರೆ ಅವಳ ಮದ್ದಿಗೆ ದಾರಿಯಿಲ್ಲ. ಕೆಲಸ ಹಿಡಿದು ಇಲ್ಲೇ ಇದ್ದರೆ ನಡುವೆ ಹೊಳೆ.

ಅಂಥ ಹೊತ್ತಿನಲ್ಲಿ ಭಾವಮೈದ ಬಂದು ಸುದ್ದಿ ಹೇಳಿದ.

"ಭಾವ, ರಿಟೈರಾದ ಸರ್ವೇಯರ್ ಹತ್ರ ಒಂದು ಹಳೇ ಫೋರ್ ವೀಲ್ ಡ್ರೈವ್ ಗಾಡಿ ಇದೆ. ಮಾರ್ತಾರಂತೆ. ನಾಲ್ಕು ಚಕ್ರಾನೂ ಎಳೆಯುತ್ತೆ. ಹೊಳೆ ಅಲ್ಲ, ಗೋಡೆ ತೋರಿಸಿದ್ರೂ ಹತ್ತುತ್ತೆ."

"ಹಳೇದು ಅಂದ್ರೆ ಎಷ್ಟು ಹಳೇದು?"

"ನಿಮಗಿಂತ ಚಿಕ್ಕದು. ಚಿಂತೆ ಮಾಡ್ಬೇಡಿ."

ಹೆಂಡತಿ ಗೋಡೆಗೆ ಒರಗಿದ್ದವಳು ಕಣ್ಣು ತೆರೆದಳು. "ಹಾಗಿದ್ರೆ ಇನ್ಮೇಲೆ ನಿನ್ನ ಭಾವನಿಗೆ ಹತ್ತಡಿ ಡ್ರೈವರ್ ಅನ್ನೋಕಾಗಲ್ವಲ್ಲೋ" ಎಂದಳು. ಎಷ್ಟೋ ದಿನದ ಮೇಲೆ ಅವಳ ಬಾಯಲ್ಲಿ ಬಂದ ಕುಚೋದ್ಯ ಅದು. ಅದನ್ನು ಕೇಳಿಯೇ ಅವನು ಮನಸ್ಸಿನಲ್ಲಿ ಗಾಡಿಯನ್ನು ಅರ್ಧ ಕೊಂಡುಬಿಟ್ಟಿದ್ದ. ಹಣಕ್ಕೆ ಊರಾಚೆಗಿದ್ದ ತುಂಡು ನಿವೇಶನವನ್ನು ಮಾರುವುದೆಂದು ಅಲ್ಲಿಯೇ ಮಾತಾಯಿತು.

ಮರುದಿನ ಸರ್ವೇಯರ್ ಗಾಡಿಯನ್ನು ತಾನೇ ಹೊಳೆಯ ದಡಕ್ಕೆ ತಂದ. ಬಡಕಲು ಮನುಷ್ಯ, ಮಾತು ಕಡಿಮೆ. ಗಾಡಿ ಎತ್ತರವಾಗಿ, ಅಗಲವಾಗಿ, ಕೆಸರಿಗೆ ಹೇಳಿ ಮಾಡಿಸಿದಂತೆ ನಿಂತಿತ್ತು. ಹೆಂಡತಿಗೆ ಅಷ್ಟೆತ್ತರಕ್ಕೆ ಕಾಲು ಎತ್ತಲಾಗಲಿಲ್ಲ. ಎಡಗೈ ಹಿಡಿದು ಎಳೆಯುವಂತೆಯೂ ಇರಲಿಲ್ಲ, ಡಯಾಲಿಸಿಸ್ ಸೂಜಿ ಚುಚ್ಚಲೆಂದು ನರಗಳನ್ನು ಸೇರಿಸಿದ್ದ ಕೈ ಅದು. ಅವನು ಕೆಸರಿನಲ್ಲೇ ಮಂಡಿಯೂರಿದ. ಅವಳು ಅವನ ತೊಡೆಯ ಮೇಲೆ ಕಾಲಿಟ್ಟು ಮುಂದಿನ ಸೀಟಿಗೆ ಹತ್ತಿದಳು. ಊದಿದ ಹೊಟ್ಟೆಗೆ ಬೆಲ್ಟ್ ಸಾಲದೆ ಎಳೆದು ಎಳೆದು ಸಿಕ್ಕಿಸಿಕೊಂಡಳು. ಭಾವಮೈದ ಸ್ಟೀರಿಂಗ್ ಹಿಡಿದ. ಕುಶನ್ ಅಣ್ಣನೂ ಸರ್ವೇಯರೂ ಹಿಂದೆ ಕೂತರು.

ಭಾವಮೈದ ಗೇರಿನ ಪಕ್ಕದ ಚಿಕ್ಕ ಲಿವರ್ ಎಳೆದು ಗಾಡಿಯನ್ನು ನೀರಿಗಿಳಿಸಿದ. ಒಂದು ಚಕ್ರ ಕಲ್ಲಿನ ಮೇಲೆ ಜಾರಿದರೆ ಇನ್ನೊಂದು ನೆಲ ಕಚ್ಚುತ್ತಿತ್ತು. ಗಾಡಿ ಓಲಾಡಿತೇ ಹೊರತು ತಡವರಿಸಲಿಲ್ಲ. ನೋಡುನೋಡುತ್ತಿದ್ದಂತೆ ಆಚೆ ದಡದ ಏರನ್ನು ಗುಟುರು ಹಾಕುತ್ತ ಹತ್ತಿ ನಿಂತಿತು.

"ಎಂಜಿನ್ ಕಲ್ಲಿದ್ದ ಹಾಗಿದೆ ಭಾವ" ಎಂದ ಭಾವಮೈದ.

"ತೊಟ್ಟಿಲು ತೂಗಿದ ಹಾಗಿತ್ತು" ಎಂದಳು ಹೆಂಡತಿ.

ಹಿಂದೆ ಕೂತಿದ್ದ ಗಂಡನ ಕಣ್ಣು ತುಂಬಿಬಂತು. ಅದನ್ನು ಮರೆಮಾಚಲು ತಲೆ ತಗ್ಗಿಸಿದ. ಕಸುಬಿನ ಕೈ ಸುಮ್ಮನಿರಲಿಲ್ಲ, ತಾನಾಗಿ ಮುಂದಿನ ಸೀಟಿನ ಅಡಿಗೆ ಹೋಯಿತು. ಸೀಟು ಹಿಂದೆ ಮುಂದೆ ಸರಿಯುವ ಕಂಬಿಯ ಸಂದಿಯಲ್ಲಿ ಬೆರಳಿಗೆ ಏನೋ ನುಣ್ಣಗೆ ತಾಗಿತು. ಮುಖಕ್ಕೆ ಹಚ್ಚುವ ಪೌಡರಿನಂಥ ಒಣ ಮಣ್ಣು. ತನ್ನ ಪಕ್ಕದ ಬೆಲ್ಟನ್ನು ಯಾರಿಗೂ ಕಾಣದಂತೆ ಎಳೆಯುತ್ತ ಹೋದ. ಯಾರೂ ಯಾವತ್ತೂ ಎಳೆಯದ ಕೊನೆಯ ಭಾಗ ಹೊರಗೆ ಬಂದಾಗ ಅಡ್ಡಕ್ಕೆ ಒಂದು ಕಂದು ಗೆರೆ ಕಾಣಿಸಿತು. ಆ ಗೆರೆಯಿಂದಾಚೆ ಬಟ್ಟೆ ಒರಟೊರಟಾಗಿತ್ತು.

ನೆರೆಯಲ್ಲಿ ಮುಳುಗಿದ ಗಾಡಿ. ನೀರು ಕೂತವರ ಎದೆಮಟ್ಟಕ್ಕೆ ನಿಂತಿದೆ. ಅಂಥವು ಅವನ ಶೆಡ್ಡಿಗೆ ಬಂದಿದ್ದವು. ಸೀಟು ಬದಲಿಸಬಹುದು, ಮ್ಯಾಟ್ ತೊಳೆಯಬಹುದು. ಆದರೆ ವೈರುಗಳ ಸೇರುವೆಗಳಿಗೆ ಹೋದ ನೀರು ಒಳಗೊಳಗೇ ಕಿಲುಬು ಹಿಡಿಸುತ್ತ ಇರುತ್ತದೆ. ಅಂಥ ಗಾಡಿ ವರ್ಷಗಟ್ಟಲೆ ಓಡಲೂಬಹುದು. ಮುಂದಿನ ತಿರುವಿನಲ್ಲಿ ಹೇಳದೆ ಕೇಳದೆ ನಿಲ್ಲಲೂಬಹುದು. ಅವನು ಬೆಲ್ಟನ್ನು ಮೆಲ್ಲಗೆ ಒಳಗೆ ಬಿಟ್ಟ.

"ಏನು ನೋಡ್ತಿದ್ರಿ?" ಎಂದು ಸರ್ವೇಯರ್ ಕೇಳಿದ.

"ಹೊಲಿಗೆ ನೋಡ್ತಿದ್ದೆ ಸರ್" ಎಂದ.

ಕಲ್ಲುಕೋರೆಯವನೊಬ್ಬ ಅದೇ ಗಾಡಿ ಕೇಳಿದ್ದನಂತೆ. ಹಾಗಾಗಿ ಮರುದಿನ ಸಂಜೆಯೊಳಗೆ ಮಾತು ತಿಳಿಸಬೇಕಿತ್ತು. ಮನೆಯಲ್ಲಿ ಅವನು ಬಾಯಿಗೆ ಬೀಗ ಹಾಕಿಕೊಂಡ. ಹೇಳಿದರೆ ಆ ತೊಟ್ಟಿಲಿನ ಮಾತು ಅವಳ ಬಾಯಿಂದ ಕಿತ್ತುಕೊಂಡಂತೆ. ಹೆಂಡತಿಯೂ ಹೆಚ್ಚು ಮಾತಾಡಲಿಲ್ಲ. ಆಯಾಸವಿರಬೇಕೆಂದು ಅವನು ಅಂದುಕೊಂಡ. ಇವತ್ತು ದಾಟಿತಲ್ಲ, ನಾಳೆ ಯಾಕೆ ದಾಟಬಾರದು ಎಂದು ತನಗೆ ತಾನೇ ವಕೀಲಿ ಮಾಡಿದ. ತನ್ನ ಬೆರಳಿಗೆ ತಾಗಿದ್ದು ಬರೀ ರಸ್ತೆಯ ಧೂಳು ಎಂದು ನಂಬಲು ನೋಡಿದ. ನಂಬುವಷ್ಟರಲ್ಲಿ ಆ ಗೆರೆ ಕಣ್ಣೆದುರು ಬಂದು ನಿಲ್ಲುತ್ತಿತ್ತು.

ಬೆಳಗಾದೊಡನೆ ಒಬ್ಬನೇ ಸರ್ವೇಯರನ ಮನೆಗೆ ಹೋದ.

"ಸರ್, ಇದು ನೀರಲ್ಲಿ ಮುಳುಗಿದ ಗಾಡಿ."

ಸರ್ವೇಯರ್ ಕುರ್ಚಿಯಿಂದ ಏಳಲಿಲ್ಲ. "ನಾನು ತಗೊಂಡಿದ್ದೇ ಬ್ರೋಕರ್ ಹತ್ರ. ಅವನು ಹೇಳ್ಲಿಲ್ಲ. ನನಗೂ ಆಮೇಲೆ ಅನುಮಾನ ಬಂತು."

"ಎಲ್ಲಾದ್ರೂ ನಿಂತಿದ್ಯಾ?"

"ನಿಂತಿದೆ. ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಹೊರಡುತ್ತೆ."

"ಎಷ್ಟು ಹೊತ್ತು?"

"ಅದು ಅದರ ಇಷ್ಟ. ನನಗೇನೂ ತೊಂದರೆ ಆಗ್ಲಿಲ್ಲ. ಒಬ್ಬನೇ ಇರ್ತಿದ್ದೆ, ಇಳಿದು ನಡ್ಕೊಂಡು ಬರ್ತಿದ್ದೆ."

ಅವನು ಬಾಗಿಲವರೆಗೆ ಹೋಗಿ ಹಿಂತಿರುಗಿದ. ಗಾಡಿ ಬೇಡವೆಂದು ಹೇಳಬೇಕೆಂದಿದ್ದವನ ಬಾಯಿಗೆ ಬೇರೆಯೇ ಮಾತು ಬಂತು. "ಕೋರೆಯವನಿಗೆ ಕೊಡ್ಬೇಡಿ ಸರ್. ಸಂಜೆ ಬರ್ತೀನಿ."

ಮನೆಗೆ ಬಂದಾಗ ಹೆಂಡತಿ ಮನೆಯಲ್ಲಿರಲಿಲ್ಲ. ಶೆಡ್ಡಿನಲ್ಲಿ, ಕತ್ತರಿಸುವ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅಷ್ಟು ದೂರ ಒಬ್ಬಳೇ ನಡೆದು ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ.

"ಎಲ್ಲಿಗೆ ಹೋಗಿದ್ರಿ?"

"ಗಾಡಿ ಮಾತು ಮುಗಿಸೋಕೆ. ಸಂಜೆ ತರ್ತೀನಿ."

"ರೀ, ಆ ಗಾಡಿ ಬೇಡ."

"ಯಾಕೆ?"

"ಬೆಲ್ಟ್ ಎಳೆದಾಗ ಕಲೆ ಬಂದು ನನ್ನ ಮಡಿಲ ಮೇಲೇ ಕೂತಿತ್ತಲ್ರೀ. ನಾನೂ ಈ ಶೆಡ್ಡಲ್ಲಿ ಇಷ್ಟು ವರ್ಷ ಕತ್ತರಿ ಹಿಡಿದವಳಲ್ವಾ."

"ಮತ್ತೆ ತೊಟ್ಟಿಲು ಅಂದ್ಯಲ್ಲ?"

"ನೀವು ಹಿಂದೆ ಕೂತು ಅಷ್ಟು ಖುಷಿಯಾಗಿದ್ರಿ. ಏನು ಹೇಳ್ಲಿ?"

"ನನಗೂ ಗೊತ್ತಿತ್ತು ಕಣೆ. ನೀನು ಖುಷಿಯಾಗಿದ್ದೀಯ ಅಂತ ನಾನು ಸುಮ್ಮನಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗಬಹುದಿತ್ತು. ಅವನು ಮಾತ್ರ ಹಟ ಬಿಡಲಿಲ್ಲ. ಮೇಜಿಗೆ ಎರಡೂ ಕೈ ಊರಿ ಹೇಳಿದ, "ಆದ್ರೂ ತರ್ತೀನಿ. ವೈರಿಂಗ್ ಎಲ್ಲ ಬಿಚ್ಚಿಸಿ ಹೊಸದು ಹಾಕಿಸ್ತೀನಿ."

"ಅದಕ್ಕೆ ಎಷ್ಟು ದಿನ ಬೇಕು? ನಾಡಿದ್ದು ನನ್ನ ಸರದಿ. ಆಮೇಲೆ ನಾಲ್ಕು ದಿನಕ್ಕೆ ಮತ್ತೆ. ಹೊಳೆ ಕಾಯುತ್ತಾ?"

"ಹಾಗೇ ಓಡಿಸ್ತೀನಿ. ನಿಂತ್ರೆ ಆಗ ನೋಡ್ಕೊಳ್ಳೋಣ."

"ಅದನ್ನೇ ನಾನು ಹೇಳ್ತಿರೋದು. ನಡುನೀರಲ್ಲಿ ನಿಂತ್ರೆ ನನಗೆ ಇಳಿದು ನಡೆಯೋಕಾಗಲ್ಲ. ನೀವು ನನ್ನ ಬಿಟ್ಟು ಹೋಗಲ್ಲ." ಅವಳು ಉಸಿರಿಗಾಗಿ ನಿಂತಳು. "ನಾನು ಹೇಗೂ ಮೆಷಿನ್ನಿಂದ ಮೆಷಿನ್ನಿಗೆ ಬದುಕೋಳು. ನಿಮ್ಮನ್ನೂ ಜೊತೆಗೆ ತಗೊಂಡು ಹೋಗ್ಲಾ?"

ಅವನು ಮೇಜಿನ ಮೇಲಿನ ಸೀಮೆಸುಣ್ಣವನ್ನು ಎತ್ತಿ ಇಟ್ಟ, ಮತ್ತೆ ಎತ್ತಿದ. ಕೊನೆಗೆ ಅದು ಬೆರಳಲ್ಲೇ ಪುಡಿಯಾಯಿತು.

"ಆ ಮೇಲಿನ ಕೋಣೆ ಇದೆ ಅಂದ್ರಲ್ಲ" ಎಂದಳು ಅವಳು.

"ನಿನ್ನ ಕೈಯಲ್ಲಿ ಆಗಲ್ಲ. ಮೂರು ಮಹಡಿ."

"ಆಗಲ್ಲ ಅಂತ ಗೊತ್ತು. ಮೆಟ್ಟಿಲ ಮೇಲೆ ಕೂತ್ಕೋಬಹುದು. ನೀರಲ್ಲಿ ಕೂತ್ಕೊಳ್ಳೋಕಾಗಲ್ಲ."

ಸಂಜೆ ಭಾವಮೈದ ಬಂದವನು ಸಿಡಿದೇಳುವುದರಲ್ಲಿದ್ದ. "ಕಣ್ಣಾರೆ ದಾಟಿದ್ದು ನೋಡಿದ್ರಲ್ಲ ಭಾವ. ಒಂದು ಕಲೆಗೆ ಹೆದರಿ ನನ್ನ ಅಕ್ಕನ್ನ ಮೂರು ಮಹಡಿ ಹತ್ತಿಸ್ತೀರಾ?" ಅಕ್ಕ ನಡುವೆ ಬಾಯಿ ಹಾಕಿ, "ಹತ್ತೋಳು ನಾನು. ನೀನು ಸಾಮಾನು ಹೊತ್ಕೊಂಡು ಬಾ ಸಾಕು" ಎಂದಳು. ಅವನು ಮುಖ ಆಚೆ ತಿರುಗಿಸಿಕೊಂಡು ನಿಂತ. ಲಾರಿಯವನ ಹೆಗಲು ಅದುರುವುದನ್ನು ಇಬ್ಬರೂ ನೋಡದಂತೆ ಇದ್ದರು. ಕುಶನ್ ಅಣ್ಣ ಸರ್ವೇಯರನಿಗೆ ಫೋನಿನಲ್ಲಿ ಬೇಡವೆಂದು ಹೇಳಿ, ಕೋರೆಯವನಿಂದಲೂ ಗಾಡಿ ಮುಳುಗಿದ ವಿಷಯ ಮುಚ್ಚಿಡಬೇಡಿ ಎಂದ. ಆ ಕಡೆಯಿಂದ ಹೂಂ ಎಂದಷ್ಟೇ ಕೇಳಿಸಿತು. ಆಮೇಲೆ ಪಟ್ಟಣದ ಕುಶನ್ ಅಂಗಡಿಯೊಂದಕ್ಕೆ ಫೋನು ಮಾಡಿ ಕೆಲಸ ಕೇಳಿದ. ಇಷ್ಟು ವರ್ಷ ಸ್ವಂತ ಶೆಡ್ಡಿದ್ದವನು ಇನ್ನೊಬ್ಬರ ಬಳಿ ದಿನಗೂಲಿಗೆ ಬರುತ್ತೇನೆ ಎನ್ನುವಾಗ ಧ್ವನಿ ಒಂದು ಸಲ ಒಡೆಯಿತು. ಪಟ್ಟಣಕ್ಕೆ ಬಂದ ಮೇಲೆ ಕೈಕೆಲಸ ತೋರಿಸು ಎಂದರು. ಆಗಲಿ ಎಂದ.

ಸರದಿಯ ದಿನ ಟ್ರ್ಯಾಕ್ಟರಿನವನು ಕೊನೆಯ ಸಲವೆಂದು ಒಪ್ಪಿಕೊಂಡ. ನೀರು ಟ್ರೈಲರಿನ ಅಚ್ಚು ಮುಟ್ಟುತ್ತಿತ್ತು. ಆಚೆ ದಡದಲ್ಲಿ ಬಾಡಿಗೆ ಕಾರು ಹಿಡಿದು ಆಸ್ಪತ್ರೆಗೆ ಹೋದರು. ಡಯಾಲಿಸಿಸ್ ಮುಗಿದ ಮೇಲೆ ಅವಳು ಹಿಂಡಿ ಒಣಹಾಕಿದ ಬಟ್ಟೆಯಂತಾಗಿದ್ದಳು. ಹಾಗೇ ಆ ಮೂರನೇ ಮಹಡಿಯ ಕೋಣೆಯಿದ್ದ ಕಟ್ಟಡಕ್ಕೆ ಬಂದರು. ಭಾವಮೈದ ಹಾಸಿಗೆ ಸುರುಳಿ, ಪಾತ್ರೆ ಹೊತ್ತುಕೊಂಡು ಮೊದಲೇ ಮೇಲೆ ಹೋದ.

ಮೊದಲ ಮಹಡಿಯನ್ನು ಅವಳು ಕಂಬಿ ಹಿಡಿದು ಹತ್ತಿದಳು. ಎರಡನೆಯದರ ನಡುವೆ ಮೊಣಕಾಲು ಮಡಚಿಕೊಂಡಿತು. ಅವನು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ತಾನು ಒಂದು ಮೆಟ್ಟಿಲು ಕೆಳಗೆ ಕೂತ, ಪಕ್ಕಕ್ಕೆ ವಾಲಿದರೆ ಗೋಡೆ, ಮುಂದಕ್ಕೆ ವಾಲಿದರೆ ತಾನು ಸಿಗುವಂತೆ. ಗೋಡೆಯ ಸುಣ್ಣ ಅವಳ ತೋಳಿಗೆ ಮೆತ್ತಿಕೊಂಡಿತು. ಮೇಲಿನಿಂದ ಮನೆಯ ಮಾಲೀಕ ಬಗ್ಗಿ ನೋಡಿದ.

"ಬರ್ತೀರಾ, ಇಲ್ಲಾ ನಾನು ಬೀಗದ ಕೈ ಇವರಿಗೆ ಕೊಟ್ಟು ಹೋಗ್ಲಾ?"

"ಬರ್ತಾ ಇದೀವಿ" ಎಂದ ಅವನು.

ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. "ನಾಲ್ಕು ದಿನಕ್ಕೆ ಮತ್ತೆ ಇಳೀಬೇಕಲ್ರೀ."

ಅವಳ ಉಸಿರು ಒಂದು ಹದಕ್ಕೆ ಬರುವವರೆಗೆ ಅವನು ಕಾದ. ಆಮೇಲೆ ಅವಳಿಗೆ ಬೆನ್ನು ಕೊಟ್ಟು ಕೂತು, ಅವಳ ಬಲಗೈಯನ್ನು ತನ್ನ ಕುತ್ತಿಗೆಯ ಸುತ್ತ ಹಾಕಿಕೊಂಡು, ಎಡಗೈ ಎಲ್ಲಿಯೂ ಒತ್ತದಂತೆ ನೋಡಿಕೊಂಡು, ಅವಳನ್ನು ಹೊತ್ತು ಎದ್ದ.