ಶಾಹೀನಳ ಎರಡನೆಯ ಓದು

ಹೊನವಾಡದ ರಸೂಲಸಾಬರ ಮಗಳು ಶಾಹೀನ ಓದಲು ಕೂತಳೆಂದರೆ ಓಣಿಗೆಲ್ಲ ಕೇಳಿಸುತ್ತಿತ್ತು. ಕೂತಳೆನ್ನುವುದೂ ತಪ್ಪು. ಮಾಳಿಗೆಯ ಮೇಲೆ ಅಡ್ಡಾಡುತ್ತ ಪಾಠವನ್ನು ಮೊದಲ ಸಾಲಿನಿಂದ ಗಟ್ಟಿಯಾಗಿ ಒಪ್ಪಿಸುತ್ತಿದ್ದಳು. ಎಲ್ಲಾದರೂ ತಪ್ಪಿದರೆ ಪುಸ್ತಕ ನೋಡಿಕೊಂಡು ಮತ್ತೆ ಮೊದಲಿನಿಂದ ಶುರು. ಆ ಓದಿನಿಂದಲೇ ಊರ ಕನ್ನಡ ಶಾಲೆಯಲ್ಲಿ ಮೊದಲಿಗಳಾದಳು. ವೈದ್ಯಕೀಯ ಪ್ರವೇಶ ಪರೀಕ್ಷೆಯನ್ನು ಎರಡನೆಯ ಸಲ ಬರೆದು ವಿಜಯಪುರದ ಮೆಡಿಕಲ್ ಕಾಲೇಜೊಂದರಲ್ಲಿ ಸೀಟು ಪಡೆದಾಗ, ಓಣಿಯವರು ಅವಳ ಹೆಸರು ಬಿಟ್ಟು ‘ಡಾಕ್ಟರ್’ ಎಂದೇ ಕರೆಯತೊಡಗಿದರು.

ಹಾಸ್ಟೆಲಿನಲ್ಲಿ ಗಟ್ಟಿಯಾಗಿ ಓದುವಂತಿರಲಿಲ್ಲ. ಲೈಬ್ರರಿಯಲ್ಲಂತೂ ಕುರ್ಚಿ ಸರಿಸಿದರೂ ಎಲ್ಲರೂ ತಿರುಗಿ ನೋಡುವರು. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ. ಬಾಯಿಗೆ ಬೀಗ ಬಿದ್ದ ಮೇಲೆ ಶಾಹೀನ ಕೈಯನ್ನು ನಂಬಿದಳು. ಪುಸ್ತಕದಲ್ಲಿದ್ದುದನ್ನು ಪುಟದ ಮೇಲೆ ಪುಟ ಇಳಿಸಿಕೊಳ್ಳುವುದು, ಇಳಿಸಿಕೊಂಡಿದ್ದನ್ನು ಮತ್ತೆ ಬರೆಯುವುದು. ಬರೆಯುತ್ತ ಬರೆಯುತ್ತ ಬೆರಳು ಮರಗಟ್ಟುವವು. ಓದಿದೆ ಎಂಬ ಸಮಾಧಾನ ಮಾತ್ರ ಇರುತ್ತಿತ್ತು.

ಅವಳ ಕೋಣೆಯಲ್ಲಿ ಬಬಲೇಶ್ವರದ ಶಾಂಭವಿ ಇದ್ದಳು. ಶಾಂಭವಿ ಅಷ್ಟು ಹೊತ್ತು ಓದುತ್ತಿರಲಿಲ್ಲ. ಸ್ವಲ್ಪ ಓದಿ, ಪುಸ್ತಕ ಮುಚ್ಚಿ, ಗೋಡೆ ನೋಡುತ್ತ ತನ್ನಷ್ಟಕ್ಕೆ ಏನೋ ಗೊಣಗಿಕೊಳ್ಳುವಳು. ಹೊತ್ತಿಗೆ ಸರಿಯಾಗಿ ಮಲಗಿಬಿಡುವಳು. ಆದರೂ ಕಾಲೇಜಿನ ಒಳಪರೀಕ್ಷೆಗಳಲ್ಲಿ ಅವಳಿಗೆ ಒಳ್ಳೆಯ ಅಂಕ ಬರುತ್ತಿದ್ದವು. ಶಾಹೀನಳಿಗೆ ಬರುತ್ತಿರಲಿಲ್ಲ.

“ಇಷ್ಟ್ಯಾಕ ಬರೀತಿ ಲೇ? ಬರಿಯೋದು ಬಿಟ್ಟು ಒಂದ್ಸಲ ನನಗ ಹೇಳಿ ನೋಡು,” ಎಂದು ಶಾಂಭವಿ ಒಂದೆರಡು ಸಲ ಅಂದಿದ್ದಳು.

“ಪೂರಾ ಆಗ್ಲಿ, ಆಮ್ಯಾಲೆ ಹೇಳ್ತೀನಿ,” ಅನ್ನುವಳು ಶಾಹೀನ. ಪೂರಾ ಎಂದೂ ಆಗಲಿಲ್ಲ. ಅಂಕ ಕಡಿಮೆಯಾದಷ್ಟೂ ಅವಳು ನಿದ್ದೆ ಕಡಿಮೆ ಮಾಡಿದಳು. ನಿದ್ದೆ ಕಡಿಮೆಯಾದಷ್ಟೂ ತರಗತಿಯಲ್ಲಿ ಕಣ್ಣು ಎಳೆಯತೊಡಗಿದವು. ಅಲ್ಲಿ ತಪ್ಪಿದ್ದನ್ನು ತುಂಬಿಕೊಳ್ಳಲು ಮತ್ತಷ್ಟು ಬರೆದಳು.

ವರ್ಷದ ಕೊನೆಯ ಪರೀಕ್ಷೆ ಬಂತು. ದೇಹದೊಳಗಿನ ಕೆಲಸವೆಲ್ಲ ಹೇಗೆ ನಡೆಯುತ್ತದೆಂದು ಕಲಿಸುವ ಫಿಜಿಯಾಲಜಿಯ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ರಕ್ತದೊತ್ತಡ ಇಳಿದಾಗ ಮೈಯಲ್ಲಿ ಏನಾಗುತ್ತದೆಂದು ಕೇಳಿದರು. ಶಾಹೀನಳಿಗೆ ಖುಷಿಯಾಯಿತು, ಅದನ್ನು ಎಷ್ಟೋ ಸಲ ಬರೆದಿದ್ದಳು. ಒಂದೇ ಉಸಿರಿನಲ್ಲಿ ಹೇಳತೊಡಗಿದಳು. ಪರೀಕ್ಷಕರು ನಡುವೆಯೇ ಕೈ ಎತ್ತಿ, “ಅಷ್ಟು ಸಾಕು. ಹಾಗೆ ಯಾಕಾಗುತ್ತದೆ, ಅದನ್ನು ಹೇಳಮ್ಮ,” ಎಂದರು.

ಅವಳ ಮಾತು ಅಲ್ಲಿಗೇ ನಿಂತಿತು. ಮುಂದಿನ ಸಾಲು ನೆನಪಾಗಬೇಕಾದರೆ ಮೊದಲಿನಿಂದ ಶುರು ಮಾಡಬೇಕಿತ್ತು. ಶುರು ಮಾಡಿದಳು. ಪರೀಕ್ಷಕರು ಮತ್ತೆ ತಡೆದರು. ಸಿಟ್ಟಿನಿಂದ ತಡೆದಿದ್ದರೆ ಅಳುವಾದರೂ ಬರುತ್ತಿತ್ತೇನೋ. ಅವರು ಬಹಳ ಮೆತ್ತಗೆ ತಡೆದರು.

ಫಲಿತಾಂಶದಲ್ಲಿ ಉಳಿದ ವಿಷಯಗಳು ಹೇಗೋ ದಾಟಿದ್ದವು, ಫಿಜಿಯಾಲಜಿ ಉಳಿದಿತ್ತು. ಕೆಲವು ವಾರಗಳಲ್ಲಿ ಪೂರಕ ಪರೀಕ್ಷೆ. ರಸೂಲಸಾಬರು ಬಂದು ಹಾಸ್ಟೆಲಿನ ಗೇಟಿನ ಬಳಿ ನಿಂತರು. ಮಗಳ ಮುಖ ನೋಡಿ ಅವರಿಗೆ ಪರೀಕ್ಷೆಯ ಮಾತೇ ಮರೆತುಹೋಯಿತು.

“ಏನಿದು, ಹಿಂಗ ಸೊರಗೀದಿ? ನಡಿ, ಮನಿಗೆ ಹೋಗೂಣು. ಅಲ್ಲೇ ಓದಿದ್ರಾತು.”

“ಮಂದಿ ಕೇಳಿದ್ರ ಏನ್ ಹೇಳ್ತೀರಿ ಅಬ್ಬಾ?”

“ಒಂದು ಉಳದದ ಅಂತೀನಿ. ಮಂದಿಗೇನು ಪರೀಕ್ಷಾ ಅಂದ್ರ ಗೊತ್ತಿಲ್ಲೇನು?”

ಬಸ್ಸು ಟಿಕೋಟಾ ಮುಟ್ಟುವ ಮೊದಲೇ ಅವಳು ತಂದೆಯ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ಹೊನವಾಡದಲ್ಲಿ ಇಳಿಯುವಾಗ ಎಬ್ಬಿಸಬೇಕಾಯಿತು. ಮನೆಗೆ ಹೋಗಿ ಮತ್ತೆ ಮಲಗಿದಳು. ತಾಯಿ ಪೀರಾಂಬಿ ಊಟಕ್ಕೆ ಎಬ್ಬಿಸುವಳು, ರೊಟ್ಟಿ ಮುರಿದು ತಟ್ಟೆಗೆ ಹಾಕುವಳು, ಉಂಡು ಮತ್ತೆ ಮಲಗಲು ಬಿಡುವಳು. ಎಷ್ಟೋ ತಿಂಗಳ ನಿದ್ದೆ ಅದು.

ಕಣ್ಣು ತಿಳಿಯಾದ ಮೇಲೆ ಶಾಹೀನ ಪುಸ್ತಕ ಹಿಡಿದುಕೊಂಡು ತಮ್ಮ ದ್ರಾಕ್ಷಿ ತೋಟಕ್ಕೆ ಹೋಗಿ, ನೆರಳಲ್ಲಿ ಕೂತು ಹಳೆಯ ರೀತಿಯಲ್ಲೇ ಬರೆಯತೊಡಗಿದಳು. ಪೀರಾಂಬಿ ಬಳ್ಳಿಗಳ ಬುಡದಲ್ಲಿ ಕೂತು ಕಸ ತೆಗೆಯುತ್ತಿದ್ದಳು. ಬಿಸಿಲು ಏರಿತ್ತು. ಥಟ್ಟನೆ ಎದ್ದವಳು ಕಂಬ ಹಿಡಿದುಕೊಂಡು ನಿಂತಳು.

“ಅಮ್ಮೀ, ಏನಾತು?” ಶಾಹೀನ ಓಡಿಹೋಗಿ ಕೂರಿಸಿ ನೀರು ಕುಡಿಸಿದಳು.

“ಏನಿಲ್ಲ, ತಲಿ ಗಿರ್ ಅಂತು. ಎದ್ದ ಕೂಡ್ಲೇ ಹಂಗ್ಯಾಕ ಆಗ್ತದ ಬೇಟಾ? ನಿನ್ನ ಪುಸ್ತಕದಾಗ ಅದ ಏನು?”

ಪುಸ್ತಕದಲ್ಲಿತ್ತು. ಶಾಹೀನಳ ಬಾಯಿಗೆ ಇಂಗ್ಲಿಷಿನ ಆ ಸಾಲು ಬಂತು. ಹೇಳಿಯೂಬಿಟ್ಟಳು.

ಪೀರಾಂಬಿ ಸೆರಗಿನಿಂದ ಮುಖ ಒರೆಸಿಕೊಂಡು, “ನನಗ ತಿಳಿಯೋ ಹಂಗ ಹೇಳು,” ಎಂದಳು.

ಆ ಸಾಲನ್ನು ಒಡೆದು ನೋಡಿದರೆ ಒಳಗೆ ಏನಿದೆಯೆಂದು ಶಾಹೀನಳಿಗೆ ಗೊತ್ತಿರಲಿಲ್ಲ. ಎದುರಿಗಿದ್ದ ನೀರಿನ ಪೈಪು ನೋಡುತ್ತ ತಡವರಿಸಿ ಹೇಳಿದಳು. “ಕರೆಂಟ ಕಡಿಮಿ ಬಂದಾಗ ಮ್ಯಾಲಿನ ಸಾಲಿಗೆ ನೀರ ಏರಂಗಿಲ್ಲ ನೋಡು, ಹಂಗ. ಎದ್ದ ಕೂಡ್ಲೇ ರಕ್ತ ಕೆಳಗ ಕಾಲಿಗೆ ಇಳೀತದ. ತಲಿಗೆ ಜ್ವಾರ್‍ಲೆ ಏರಂಗಿಲ್ಲ.”

“ಹೌದಾ? ಮತ್ತ ನಾ ದಿನಾ ಏಳ್ತೀನಿ. ದಿನಾ ಯಾಕ ಹಿಂಗ ಆಗಂಗಿಲ್ಲ?”

ಶಾಹೀನ ಪುಸ್ತಕ ತೆರೆದಳು. ಎಷ್ಟೋ ಸಲ ಇಳಿಸಿಕೊಂಡಿದ್ದ ಅದೇ ಪುಟ. ಆದರೆ ಈ ಸಲ ಒಂದು ಪ್ರಶ್ನೆ ಹಿಡಿದುಕೊಂಡು ಹುಡುಕುತ್ತಿದ್ದಳು. ಒತ್ತಡ ಇಳಿದದ್ದು ಕುತ್ತಿಗೆಯ ರಕ್ತನಾಳಕ್ಕೆ ತಿಳಿಯುತ್ತದೆ, ಅಲ್ಲಿಂದ ಮಿದುಳಿಗೆ ಸುದ್ದಿ ಹೋಗುತ್ತದೆ, ಹೃದಯ ಬೇಗ ಬೇಗ ಬಡಿಯುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಮೈಯಲ್ಲಿ ನೀರು ಕಡಿಮೆಯಿದ್ದ ದಿನ ಇಷ್ಟು ಮಾಡಿದರೂ ಸಾಲುವುದಿಲ್ಲ. ಅವಳು ಒಂದೊಂದಾಗಿ ಹೇಳಿದಳು. ನಡುವೆ ಒಂದು ಕಡೆ ಪೀರಾಂಬಿ, “ತಡಿ, ಅದ ತಿಳೀಲಿಲ್ಲ,” ಎಂದಾಗ ಅಲ್ಲಿಂದಲೇ ಮತ್ತೆ ಹೇಳಿದಳು. ಮೊದಲಿನಿಂದ ಶುರು ಮಾಡಬೇಕಾಗಲಿಲ್ಲ.

ಅಂದಿನಿಂದ ಮುಂಜಾನೆ ಓದುವುದು, ಮಧ್ಯಾಹ್ನ ತಾಯಿಗೆ ಹೇಳುವುದು ರೂಢಿಯಾಯಿತು. ಇದೇನು ಹುರುಪಿನ ಕೆಲಸವಾಗಿರಲಿಲ್ಲ. ಮುಂಚಿನ ಓದಿಗಿಂತ ಹೆಚ್ಚು ದಣಿವು ಇದರಲ್ಲೇ ಇತ್ತು. ಬರೆಯುವಾಗ ಕೈ ಮಾತ್ರ ಸೋಲುತ್ತಿತ್ತು. ಈಗ ಹೇಳಹೋಗಿ ಸಿಕ್ಕಿಕೊಂಡಾಗಲೆಲ್ಲ ತನಗೆಷ್ಟು ಗೊತ್ತಿಲ್ಲವೆಂಬುದು ಎದುರಿಗೆ ಬಂದು ಕೂರುತ್ತಿತ್ತು. ಒಂದು ದಿನ ಮೂತ್ರಪಿಂಡದ ಪಾಠ ಬಿಡಿಸಲಾಗದೆ ಪುಸ್ತಕವನ್ನು ಅತ್ತ ಎಸೆದು, “ನನ್ನ ಕೈಲೆ ಆಗಂಗಿಲ್ಲ ಅಮ್ಮೀ,” ಎಂದು ಅತ್ತಳು. ಪೀರಾಂಬಿ ಸಮಾಧಾನ ಮಾಡಲಿಲ್ಲ. ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿ, ಮಲಗಲು ಕಳಿಸಿದಳು. ಎಷ್ಟೋ ಮಧ್ಯಾಹ್ನ ಮಗಳು ಹೇಳುತ್ತಿರುವಂತೆಯೇ ತಾಯಿ ಗೋಡೆಗೆ ಒರಗಿ ತೂಕಡಿಸಿಬಿಡುತ್ತಿದ್ದಳು. ಶಾಹೀನ ದನಿ ತಗ್ಗಿಸಿ ತನಗೇ ಹೇಳಿಕೊಳ್ಳುತ್ತ ಮುಗಿಸುತ್ತಿದ್ದಳು.

ಪೂರಕ ಪರೀಕ್ಷೆಯಲ್ಲಿ ಬೇರೆ ಪರೀಕ್ಷಕರಿದ್ದರು. ಎತ್ತರದ ಬೆಟ್ಟಕ್ಕೆ ಹೋದವರಿಗೆ ಏದುಸಿರು ಯಾಕೆ ಬರುತ್ತದೆಂದು ಕೇಳಿದರು. ಶಾಹೀನ ಬೆಟ್ಟ ಕಂಡವಳಲ್ಲ, ಆ ಪಾಠವನ್ನೂ ಸರಿಯಾಗಿ ಓದಿರಲಿಲ್ಲ. “ಪೂರ್ತಿ ಗೊತ್ತಿಲ್ಲ ಸರ್, ಗೊತ್ತಿದ್ದಷ್ಟು ಹೇಳ್ತೀನಿ,” ಎಂದು ಗಾಳಿ ತೆಳುವಾಗುವುದರಿಂದ ಶುರುಮಾಡಿ, ತನ್ನ ಮುರುಕು ಇಂಗ್ಲಿಷಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿದಳು. ಒಂದು ಕಡೆ ತಪ್ಪಿದಳು. ಪರೀಕ್ಷಕರು ತಿದ್ದಿದರು. ಅಲ್ಲಿಂದ ಮುಂದೆ ಹೋದಳು.

ಪಾಸಾದಳು. ಹೇಳಿಕೊಳ್ಳುವಂಥ ಅಂಕಗಳೇನಲ್ಲ. ಹಾಸ್ಟೆಲಿಗೆ ಮರಳಿದಾಗ ಎರಡನೆಯ ವರ್ಷದ ಪಾಠಗಳು ಬಹಳ ಮುಂದೆ ಹೋಗಿದ್ದವು. ಹೊಸ ಪುಸ್ತಕಗಳು ಹಿಂದಿನವಕ್ಕಿಂತ ದಪ್ಪ. ಈಗ ಸಂಜೆಗೊಮ್ಮೆ ಅವಳೂ ಶಾಂಭವಿಯೂ ಪುಸ್ತಕ ಮುಚ್ಚಿಟ್ಟು ಒಬ್ಬರಿಗೊಬ್ಬರು ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳಿಕೊಳ್ಳುತ್ತಾರೆ. ಹೊತ್ತಿಗೆ ಮಲಗುತ್ತಾರೆ. ಆಸ್ಪತ್ರೆಯ ವಾರ್ಡಿನಲ್ಲಿ ನಿಂತು ನಿಂತು ಕಾಲು ಸೋತ ವಾರಗಳಲ್ಲಿ ಶಾಹೀನ ಮತ್ತೆ ಪೆನ್ನು ಹಿಡಿದು ಸುಮ್ಮನೆ ಪುಟ ಇಳಿಸುವುದೂ ಉಂಟು. ಯೋಚಿಸದೆ ಬರೆಯುವುದು ಒಂದು ರೀತಿಯ ವಿಶ್ರಾಂತಿ.

ಈಚೆಗೆ ಒಳಪರೀಕ್ಷೆಯ ಅಂಕಗಳು ಬಂದವು. ಎರಡು ವಿಷಯ ದಾಟಿದ್ದಳು, ಒಂದರಲ್ಲಿ ಕಡಿಮೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ತಂದೆಗೆ ಫೋನು ಮಾಡಿದಳು.

“ಒಂದ್ರಾಗ ಕಡಿಮಿ ಬಂದಾವ ಅಬ್ಬಾ.”

“ಯಾಕ, ಓದಿರಲಿಲ್ಲೇನು?”

“ಓದಿದ್ದೆ. ಹೇಳಿ ನೋಡಿರಲಿಲ್ಲ.”

ಆ ಕಡೆ ತೋಟದ ಮೋಟರಿನ ಸದ್ದು ಕೇಳಿಸುತ್ತಿತ್ತು. “ಊಟ ಆತೇನು?” ಎಂದರು ರಸೂಲಸಾಬರು.

“ಇನ್ನೂ ಇಲ್ಲ.”

“ಮೊದಲ ಉಣ್ಣು ಹೋಗು.”

ಅವಳು ಫೋನು ಇಟ್ಟು ಊಟದ ಸಾಲಿನಲ್ಲಿ ಹೋಗಿ ನಿಂತಳು.