ಎರಡು ಆಯುಧಪೂಜೆ, ಒಂದು ಡಿ ಡ್ರೈವ್

ಪೀಣ್ಯದ ಆ ಕಾರ್ಖಾನೆಯಲ್ಲಿ ಎರಡು ವರ್ಷ ನನ್ನನ್ನು ಎಲ್ಲರೂ ಕರೆದದ್ದು ‘ಡಿಲೀಟ್ ಮೇಡಂ’ ಎಂದು. ಆ ಹೆಸರು ಬರಲು ಕಾರಣ ನಮ್ಮ ಮ್ಯಾನೇಜರು. ಅವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ಆಸೆಯೂ ಇಲ್ಲ.

ಅದು ತಗಡು ಒತ್ತುವ ಅಚ್ಚುಗಳನ್ನು ಮಾಡುವ ಸಣ್ಣ ಕಾರ್ಖಾನೆ. ಅಚ್ಚುಗಳ ಡ್ರಾಯಿಂಗ್ ಹಾಕುವುದು ನನ್ನ ಕೆಲಸ. ಇದ್ದದ್ದು ಒಂದೇ ಒಳ್ಳೆಯ ಕಂಪ್ಯೂಟರ್, ಅದರೊಳಗೆ ಒಂದೇ ಹಾರ್ಡ್ ಡಿಸ್ಕ್. ಅದನ್ನು ಎರಡು ಭಾಗ ಮಾಡಿದ್ದರು: ಸಿ ಡ್ರೈವ್‌ನಲ್ಲಿ ವಿಂಡೋಸ್, ಡಿ ಡ್ರೈವ್‌ನಲ್ಲಿ ಡ್ರಾಯಿಂಗುಗಳು. ಸಿ ಅನ್ನುವುದು ಕಿಷ್ಕಿಂಧೆ, ಡಿ ಮೈದಾನ. ಸಿ ತುಂಬಿ ಕಂಪ್ಯೂಟರ್ ತೆವಳತೊಡಗಿದಾಗ ಡಿಯಿಂದ ಸ್ವಲ್ಪ ಜಾಗ ತೆಗೆದು ಸಿಗೆ ಸೇರಿಸಬೇಕು ಎಂದೆ. “ಮೊದ್ಲು ಎಲ್ಲಾ ಇನ್ನೊಂದು ಡಿಸ್ಕಿಗೆ ಕಾಪಿ ಮಾಡ್ಕೊಳ್ಳೋಣ ಸಾರ್” ಎಂದೂ ಹೇಳಿದೆ.

“ಅದೆಲ್ಲ ಯಾಕಮ್ಮಾ? ಆಯುಧಪೂಜೆ ದಿನ ಹೆಂಗೂ ಕೆಲ್ಸ ಇರಲ್ಲ. ಅವತ್ತು ಬೆಳಿಗ್ಗೆ ಹಾಕ್ಬಿಡು” ಎಂದರು ಮ್ಯಾನೇಜರು.

ಹಾಕಿದೆ. ಮುಗಿಯಲು ಮೂರ್ನಾಲ್ಕು ಗಂಟೆ ಬೇಕಿತ್ತು; ಹೆಂಗಸಾದ ತಪ್ಪಿಗೆ ಬಾಗಿಲಿಗೆ ರಂಗೋಲಿ ಹಾಕಲು ಹೋದೆ. ಪೂಜೆಯ ಹೊತ್ತಿಗೆ ಒಂದು ಯಂತ್ರವೂ ಓಡಬಾರದು ಎಂಬುದು ನಮ್ಮಲ್ಲಿಯ ಪದ್ಧತಿ. ರಾಹುಕಾಲಕ್ಕೆ ಮುಂಚೆ ಮಂಗಳಾರತಿ ಆಗಬೇಕೆಂಬ ಧಾವಂತದಲ್ಲಿ ಮ್ಯಾನೇಜರು ಮೇನ್ ಸ್ವಿಚ್ ಇಳಿಸಿದರು. ತನ್ನ ಬ್ಯಾಟರಿಯಲ್ಲಿ ಕಂಪ್ಯೂಟರನ್ನು ಓಡಿಸುತ್ತಿದ್ದ ಯುಪಿಎಸ್ ಕೀ ಕೀ ಎಂದಿತು; ಅದನ್ನೂ ಆರಿಸಿ ಕುಂಕುಮ ಇಟ್ಟರು. ಡಿಸ್ಕಿನ ಗಡಿ ಜರುಗುತ್ತಿರುವಾಗ ಕರೆಂಟು ಹೋದರೆ ಅರ್ಧ ಮಾಹಿತಿ ಹಳೆಯ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ ಉಳಿದು ಯಾವುದೂ ಕೈಗೆ ಸಿಗುವುದಿಲ್ಲ. ಆರು ವರ್ಷದ ಡ್ರಾಯಿಂಗುಗಳು ಹೋದವು.

“ನಾನು ಮೇನ್ ಇಳಿಸೋಕೆ ಮುಂಚೇನೇ ಅದು ಸತ್ತೋಗಿತ್ತು ಸಾರ್. ಇವಳೇ ಏನೋ ಒತ್ತಿ ಡಿಲೀಟ್ ಮಾಡ್ಬಿಟ್ಟಿದಾಳೆ” ಎಂದು ಕಾರ್ಖಾನೆಯ ಯಜಮಾನರಿಗೆ ಹೇಳಿದರು. ಯುಪಿಎಸ್ ಗುಂಡಿಯ ಮೇಲೆ ಅವರ ಹೆಬ್ಬೆರಳಿನ ಕುಂಕುಮ ಇತ್ತು. ತೋರಿಸಿದೆ. “ಪೂಜೆ ಮಾಡಿದ್ದೂ ತಪ್ಪೇನಮ್ಮಾ?” ಎಂದರು. ಎಲ್ಲರೂ ನಕ್ಕರು, ಯಜಮಾನರೂ ನಕ್ಕರು.

ಆಮೇಲೆ ನಾಲ್ಕು ತಿಂಗಳು ಹಳೆಯ ಅಚ್ಚುಗಳನ್ನು ಒಂದೊಂದಾಗಿ ಅಳೆದು ಮತ್ತೆ ಬರೆದೆ. ಗ್ರೀಸು ಉಗುರಿನಿಂದ ಹೋಗುತ್ತಿರಲಿಲ್ಲ. “ಡಿಲೀಟ್ ಮೇಡಂ, ಟೀ ಆಯ್ತಾ?” ಎಂದು ಲೇತಿನವರು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಬಿಡುವಿನಲ್ಲಿ ಡಿಸ್ಕು, ಪಾರ್ಟಿಷನ್ನು ಎಂದು ಸಿಕ್ಕಿದ್ದನ್ನೆಲ್ಲ ಓದಿದೆ. ಜ್ಞಾನದ ಹಸಿವೇನೂ ಅಲ್ಲ, ಹೊಟ್ಟೆಯುರಿ.

ಎರಡು ವರ್ಷಕ್ಕೆ ಸಿ ಮತ್ತೆ ತುಂಬಿತು. ಯಾವ ಶನಿವಾರ ಬೇಕಾದರೂ ಆ ಕೆಲಸ ಮುಗಿಸಬಹುದಿತ್ತು. ನಾನು ಆಯುಧಪೂಜೆಯ ದಿನವನ್ನೇ ಆರಿಸಿಕೊಂಡೆ. “ಅವತ್ತು ಹೆಂಗೂ ಕೆಲ್ಸ ಇರಲ್ವಲ್ಲ ಸಾರ್” ಎಂದೆ. ಮ್ಯಾನೇಜರು ತಲೆಯಾಡಿಸಿದರು.

ಹಿಂದಿನ ದಿನ ಡಿಯನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿದೆ. ಕಾಪಿ ಆಯಿತು ಎಂದು ಕಂಪ್ಯೂಟರ್ ಹೇಳಿದರೆ ಸಾಲದು. ಆ ಡಿಸ್ಕಿನಿಂದಲೇ ಡ್ರಾಯಿಂಗುಗಳನ್ನು ತೆರೆದು ಗೆರೆ, ಅಳತೆ ನೋಡಿಕೊಂಡೆ. ಬ್ಯಾಗಿಗೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೆಲಸ ಶುರುಮಾಡಿ, ‘ಮಧ್ಯಾಹ್ನದವರೆಗೆ ಆರಿಸಬಾರದು’ ಎಂದು ಬರೆದು ಯುಪಿಎಸ್ಸಿಗೆ ಅಂಟಿಸಿದೆ. ಎಲ್ಲರ ಎದುರು ಬಾಯಿಬಿಟ್ಟೂ ಹೇಳಿದೆ. “ಆಯ್ತಾಯ್ತು, ಹೋಗಮ್ಮಾ, ರಂಗೋಲಿ ಹಾಕು” ಎಂದರು ಮ್ಯಾನೇಜರು. ಆ ಸಲ ಹಾಕಲಿಲ್ಲ. ಯಜಮಾನರ ಪಕ್ಕದಲ್ಲೇ ನಿಂತೆ.

ಹತ್ತೂವರೆಗೆ ರಾಹುಕಾಲ. ಹತ್ತೂಕಾಲಿಗೆ ಮೇನ್ ಇಳಿಯಿತು, ಯುಪಿಎಸ್ ಕೀ ಕೀ ಎಂದಿತು. “ಪೂಜೆ ಹೊತ್ತಲ್ಲಿ ಇದೊಂದು ಅಪಶಕುನ. ಎರಡು ನಿಮಿಷ ಆರಿಸಿದ್ರೆ ಏನಾಗುತ್ತೆ?” ಎನ್ನುತ್ತಾ ಮ್ಯಾನೇಜರು ಗುಂಡಿ ಒತ್ತಿದರು. ನನ್ನ ಚೀಟಿಯ ಮೇಲೆಯೇ ಕುಂಕುಮ ಇಟ್ಟರು. ಕೈಚಾಚಿದ್ದರೆ ತಡೆಯಬಹುದಿತ್ತು. ಚಾಚಲಿಲ್ಲ.

ಮಂಗಳಾರತಿ ಆದ ಮೇಲೆ ಕಂಪ್ಯೂಟರ್ ಹಾಕಿದರೆ ಡಿ ಇಲ್ಲ. ಈ ಸಲ ಯಾರೂ ನಗಲಿಲ್ಲ. ಮ್ಯಾನೇಜರು ನನ್ನ ಚೀಟಿಯ ಮೇಲಿನ ಕುಂಕುಮ ಒರೆಸಲು ಹೋದರು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಚುರುಮುರಿ, ಬಾಳೆಹಣ್ಣು ತೆಗೆದುಕೊಂಡು ಮನೆಗೆ ಹೋದೆ.

ಶನಿವಾರ ವಿಜಯದಶಮಿ, ಭಾನುವಾರ ರಜಾ. ಮ್ಯಾನೇಜರು ಫೋನಿನ ಮೇಲೆ ಫೋನು ಮಾಡಿದರು. “ಏನಾದ್ರೂ ಮಾಡಮ್ಮಾ, ಯಜಮಾನ್ರು ನಂಗೆ ಸೋಮವಾರ ಬಂದು ರಾಜೀನಾಮೆ ಲೆಟರ್ ಕೊಟ್ಟೋಗು ಅಂದಿದಾರೆ” ಎಂದರು. ನೋಡೋಣ ಸಾರ್ ಎಂದೆ. ಹಬ್ಬದೂಟ ಅಷ್ಟು ರುಚಿಯಾಗಿ ನಾನು ಎಂದೂ ಉಂಡಿರಲಿಲ್ಲ.

ಸೋಮವಾರ ಡಿಸ್ಕನ್ನು ಯಜಮಾನರ ಮೇಜಿನ ಮೇಲಿಟ್ಟು, ಮೇಲೆ ಅಂಗೈ ಊರಿ ನಿಂತೆ. ಮ್ಯಾನೇಜರು ಅಲ್ಲೇ ಇದ್ದರು.

“ಎಲ್ಲಾ ಡ್ರಾಯಿಂಗೂ ಇದರಲ್ಲಿದೆ ಸಾರ್.”

“ಶುಕ್ರವಾರಾನೇ ಯಾಕಮ್ಮಾ ಹೇಳ್ಲಿಲ್ಲ?” ಎಂದರು ಯಜಮಾನರು.

“ಹೋದ್ಸಲ ಯುಪಿಎಸ್ ಆರಿಸಿದ್ದು ಯಾರು ಅಂತ ಇವರು ಹೇಳ್ಲಿ, ಕೊಡ್ತೀನಿ. ಇಲ್ಲಲ್ಲ. ಕೆಳಗಡೆ, ಎಲ್ಲರ ಮುಂದೆ.”

ಯಜಮಾನರು ಎದ್ದರು. ಮೂವರೂ ಕೆಳಗಿಳಿದೆವು. ಲೇತಿನವರು ತಲೆಯೆತ್ತಿದರು. ಮ್ಯಾನೇಜರು ನೆಲ ನೋಡುತ್ತಾ, ಪ್ರೆಸ್ ಓಡುವ ಸದ್ದಿನ ನಡುವೆ, “ಹೋದ್ಸಲಾನೂ ನಾನೇ ಆರಿಸಿದ್ದು” ಎಂದರು.

“ಕೇಳಿಸ್ಲಿಲ್ಲ ಸಾರ್” ಎಂದೆ.

ಅವರು ತಾವೇ ಹೋಗಿ ಮೇನ್ ಸ್ವಿಚ್ ಇಳಿಸಿ ಬಂದು, ಇನ್ನೊಂದು ಸಲ ಹೇಳಿದರು.