ತೂತಾದ ಲೋಹದ ಹಾಳೆ

ನನ್ನ ಅತ್ತಿಗೆಗೆ ಪ್ರಯೋಗಾಲಯದಲ್ಲಿ ಕೆಲಸ. ಕೂದಲಿಗಿಂತ ತೆಳುವಾದ ಲೋಹದ ಹಾಳೆಗಳನ್ನು ಉಸಿರು ಬಿಗಿಹಿಡಿದು ಚೌಕಟ್ಟಿಗೆ ಕೂರಿಸುತ್ತಾರೆ. ಪ್ರಬಲ ಎಕ್ಸ್‌-ರೇ ಬಡಿದು ಅವು ತೂತಾಗುತ್ತವೆ. ಅಂಥದೊಂದು ಹಾಳೆಯನ್ನು ಕಂಡಿದ್ದ ನಾನು, ಮಗಳು ಮಂಚದಿಂದ ಬಿದ್ದು ಕೈ ಊದಿಸಿಕೊಂಡಾಗ, ಆಸ್ಪತ್ರೆಯ ಎಕ್ಸ್‌-ರೇ ಕೋಣೆಯ ಬಾಗಿಲಲ್ಲೇ ಅವಳನ್ನು ಅವುಚಿಕೊಂಡು ನಿಂತುಬಿಟ್ಟೆ. ಸುದ್ದಿ ತಿಳಿದು ಅತ್ತಿಗೆ ಓಡಿ ಬಂದರು.

“ಇದೂ ಅದೇ ಎಕ್ಸ್‌-ರೇ ಅಲ್ವಾ ಅತ್ತಿಗೆ?”

“ಅದೇ ಕಣೇ. ಆದ್ರೆ ಲ್ಯಾಬಲ್ಲಿ ನಾವು ರಾಶಿ ಕಿರಣಾನ ಸೂಜಿಮೊನೆಯಷ್ಟು ಜಾಗಕ್ಕೆ ಒಂದೇ ಏಟಿಗೆ ಸುರೀತೀವಿ. ಆಗ ಲೋಹ ತನ್ನ ಗುಣಾನೇ ಮರೆತು, ತಡೀಬೇಕಾದ ಕಿರಣಕ್ಕೆ ತಾನೇ ದಾರಿ ಬಿಡುತ್ತೆ, ಆಮೇಲೆ ಸುಟ್ಟುಹೋಗುತ್ತೆ. ಇಲ್ಲಿರೋದು ಬರೀ ತುಂತುರು. ಮಗೂ ಕೈಗಿಂತ, ಅತ್ತೂ ಅತ್ತೂ ನಿನ್ನ ಮುಖಾನೇ ಜಾಸ್ತಿ ಊದಿದೆ, ದಾರಿ ಬಿಡು.”

ಬಿಟ್ಟೆ. ಅತ್ತಿಗೆ ಕಿರಣ ತಡೆಯುವ ಸೀಸದ ಮೇಲಂಗಿ ತೊಟ್ಟು, ಹಾಳೆ ಹಿಡಿಯುವ ಅದೇ ಬೆರಳುಗಳಿಂದ ಆ ಪುಟ್ಟ ಕೈಯನ್ನು ಅಲುಗದಂತೆ ಹಿಡಿದರು. ಚಿತ್ರ ಒಂದೇ ಸಲಕ್ಕೆ ಸ್ಪಷ್ಟವಾಗಿ ಬಂತು. ಮೂಳೆ ಮುರಿದಿರಲಿಲ್ಲ.